ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಎಂಟು ತಿಂಗಳ ಬಳಕೆಯ ನಂತರ

ಅಪ್ಪ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದರು. ಬರುವಷ್ಟರಲ್ಲಿ ಅದು ಟೈಪ್ ಮಾಡಲು ತಯಾರಾಗಿರುತ್ತಿತ್ತು. ಇದು ಎಷ್ಟು ವರ್ಷದ ಅಭ್ಯಾಸವೋ, ನಾನೂ ಗಮನಿಸಿರಲಿಲ್ಲ. ಒಂದು ದಿನ ಗಡಿಯಾರ ಹಿಡಿದು ಕೂತೆ. ಡೆಸ್ಕ್‌ಟಾಪ್ ಕಾಣಿಸಲು 4 ನಿಮಿಷ 10 ಸೆಕೆಂಡ್. ಡಿಸ್ಕ್ ದೀಪದ ಮಿಣಮಿಣ ನಿಲ್ಲಲು ಇನ್ನೂ ಮೂರು ನಿಮಿಷ.

2012ರ ಲ್ಯಾಪ್‌ಟಾಪ್, ಮೂರನೇ ತಲೆಮಾರಿನ ಐ5. ನಾನು ಮೊದಲು ರ‍್ಯಾಮ್ ಮೇಲೆ ಅನುಮಾನಪಟ್ಟೆ. 4 ಜಿಬಿ ಇದ್ದದ್ದನ್ನು 8 ಮಾಡಿದೆ. ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಆಮೇಲೆ ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ವಿಷಯ ಅಲ್ಲೇ ಇತ್ತು: ಪ್ರೊಸೆಸರ್ 8%, ಡಿಸ್ಕ್ 100%. ಪಾಪ, ಕೆಲಸ ಮಾಡುವವನು ಸುಮ್ನೆ ಕೂತಿದ್ದ. ಸಾಮಾನು ತಂದುಕೊಡುವವನು ಓಡಿ ಓಡಿ ಸುಸ್ತಾಗಿದ್ದ.

ಹಳೇ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಫೈಲಿನ ಜಾಗಕ್ಕೆ ಓದುವ ತಲೆ ಸರಿಯಬೇಕು, ತಟ್ಟೆ ತಿರುಗಿ ಅದರ ಕೆಳಗೆ ಬರಬೇಕು. ಹೀಗೆ ಚದುರಿದ ಜಾಗಗಳಿಂದ ಓದುವಾಗ ಸೆಕೆಂಡಿಗೆ ನೂರು ಸಲ ಓದಿದರೆ ಅದೇ ಹೆಚ್ಚು. ವಿಂಡೋಸ್ ಶುರುವಾಗುವಾಗ ಕೇಳುವುದು ಇಂಥ ಸಾವಿರಾರು ಚೂರುಗಳನ್ನೇ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿ ಫೈಲುಗಳನ್ನು ಚಿಪ್‌ಗಳಲ್ಲಿ ಇಡುತ್ತದೆ. ಅದರಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ಎಲ್ಲಿ ಕೇಳಿದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲಿ ಸಿಗುತ್ತದೆ.

ನಾನು ತರಿಸಿದ್ದು ಕ್ರೂಶಿಯಲ್ ಎಂಎಕ್ಸ್500, 500 ಜಿಬಿ, 2.5 ಇಂಚಿನ ಸಾಟಾ ಮಾದರಿ (ಸಾಟಾ ಅಂದರೆ ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸಂಪರ್ಕ). ಇದರ ಓದುವ ವೇಗ ಸೆಕೆಂಡಿಗೆ 560 ಎಂಬಿ ವರೆಗೆ. ಆ ಸಂಖ್ಯೆ ದೊಡ್ಡ ಫೈಲುಗಳಿಗೆ ಸಂಬಂಧಿಸಿದ್ದು. ನಿಮ್ಮ ಯಂತ್ರದಲ್ಲಿ ಹಳೆಯ ಸಾಟಾ 2 ಇದ್ದರೆ ಅದರ ಅರ್ಧ ಸಿಗಬಹುದು. ಅದಕ್ಕೆ ಬೇಜಾರಾಗಬೇಡಿ. ಕೈಗೆ ಗೊತ್ತಾಗುವ ಚುರುಕುತನ ಬರುವುದು ಸಣ್ಣ ಚೂರುಗಳನ್ನು ಬೇಗ ಹುಡುಕಿ ಕೊಡುವುದರಿಂದ. ಒಂದು ಎಚ್ಚರಿಕೆ ಮಾತ್ರ: ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿ ತರಿಸಬೇಡಿ, 2012ರ ಸುಮಾರಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಕೂರಿಸುವುದು ಸುಲಭ. ಬ್ಯಾಟರಿ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿ, ಹಳೇ ಡಿಸ್ಕಿನ ನಾಲ್ಕು ತಿರುಪು ತೆಗೆದೆ. ಹೊಸದು 7 ಮಿಲಿಮೀಟರ್ ದಪ್ಪ, ಹಳೆಯದು 9.5. ಜೊತೆಗೆ ಬಂದ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿದರೆ ಅಲ್ಲಾಡದೆ ಕೂರುತ್ತದೆ. ಹತ್ತು ನಿಮಿಷದ ಕೆಲಸ.

ಕಷ್ಟವಾಗಿದ್ದು ಅದಕ್ಕೂ ಮೊದಲು. ಯುಎಸ್‌ಬಿ ಕೇಬಲ್ಲಿನಲ್ಲಿ ಎಸ್‌ಎಸ್‌ಡಿ ಸಿಕ್ಕಿಸಿ ಹಳೇ ಡಿಸ್ಕನ್ನು ಹಾಗೇ ನಕಲು ಮಾಡಲು ಹೊರಟೆ. 61% ತಲುಪಿ ನಿಂತೇ ಹೋಯಿತು. ಎರಡನೇ ಸಲವೂ ಅದೇ ಜಾಗ. ಹಳೇ ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳಿದ್ದವು, ಅಂದರೆ ಹಾಳಾದ ಚಿಕ್ಕ ಚಿಕ್ಕ ಜಾಗಗಳು. ಕೊನೆಗೆ ನಕಲಿನ ಆಸೆ ಬಿಟ್ಟು, ಅಪ್ಪನ ಫೈಲುಗಳನ್ನು ಕೈಯಾರೆ ತೆಗೆದಿಟ್ಟು, ಎಸ್‌ಎಸ್‌ಡಿ ಮೇಲೆ ವಿಂಡೋಸ್ 10 ಹೊಸದಾಗಿ ಹಾಕಿದೆ. ಹಾಕುವ ಮೊದಲು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ) ಸಾಟಾ ಮೋಡ್ ಎಸ್‌ಎಸ್‌ಡಿಗೆ ಸರಿಹೊಂದುವ ಎಎಚ್‌ಸಿಐ ಇದೆಯಾ ಅಂತ ನೋಡಿಕೊಳ್ಳಿ.

ಈಗ ಡೆಸ್ಕ್‌ಟಾಪ್ ಬರಲು 19 ಸೆಕೆಂಡ್. ಎಂಟು ತಿಂಗಳ ನಂತರವೂ 21 ದಾಟಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ್ದಕ್ಕೇ ಈ ವೇಗ ಅಲ್ವಾ ಅಂತ ಕೇಳಬಹುದು. ಎರಡು ವರ್ಷದ ಹಿಂದೆ ಹಳೇ ಡಿಸ್ಕಿಗೂ ಹೊಸದಾಗಿ ಹಾಕಿದ್ದೆ. ಆಗ ಎರಡೂವರೆ ನಿಮಿಷ ಬೇಕಾಗಿತ್ತು.

ಮೊದಲ ದಿನ ಅಪ್ಪ ಕಿವಿ ಹತ್ತಿರ ತಂದು, "ಇದು ಆನ್ ಆಗಿದೆಯೇನೋ?" ಅಂದರು. ಕರಕರ ಸದ್ದು ಇರಲಿಲ್ಲವಲ್ಲ. ಮಡಿಲಲ್ಲಿಟ್ಟುಕೊಂಡು ಟೈಪ್ ಮಾಡುವ ಅವರಿಗೆ ಇನ್ನೊಂದು ಲಾಭ: ಅಲುಗಾಡಿದರೆ ತಟ್ಟೆಗೆ ತಲೆ ಬಡಿಯುವ ಭಯವಿಲ್ಲ.

ಎಲ್ಲವೂ ಬದಲಾಗುವುದಿಲ್ಲ. ನಾನು ಒಂದು ವಿಡಿಯೋ ಎಡಿಟ್ ಮಾಡಿ ನೋಡಿದೆ, ಮೊದಲಿನಷ್ಟೇ ಹೊತ್ತು. ಅದು ಪ್ರೊಸೆಸರ್ ಕೆಲಸ. ಈ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನು ಎಸ್‌ಎಸ್‌ಡಿ ಸರಿಮಾಡಲಾರದು. ಮುಂದೆ ವಿಂಡೋಸ್ ಬದಲು ಲಿನಕ್ಸ್ ಹಾಕುವ ಯೋಚನೆ ಇದೆ.

ಬರೆದು ಬರೆದು ಎಸ್‌ಎಸ್‌ಡಿ ಸವೆಯುತ್ತದೆ ಅಂತ ಹೆದರುವವರಿದ್ದಾರೆ. ಸವೆಯುವುದು ನಿಜ. ಆದರೆ ಇದಕ್ಕೆ ಕಂಪನಿ ಹೇಳುವ ಬರೆಯುವ ಮಿತಿ 180 ಟಿಬಿ, ಅಂದರೆ 1,80,000 ಜಿಬಿ. ದಿನಕ್ಕೆ 20 ಜಿಬಿ ಬರೆದರೂ 24 ವರ್ಷ ಆಗುತ್ತದೆ. ನನಗೆ ಜಾಸ್ತಿ ಭಯ ಬೇರೆಯದು. ಹಾರ್ಡ್ ಡಿಸ್ಕ್ ಹಾಳಾಗುವ ಮುಂಚೆ ಎಷ್ಟೋ ಸಲ ಸದ್ದು ಮಾಡಿ, ನಿಧಾನವಾಗಿ ಸುಳಿವು ಕೊಡುತ್ತದೆ. ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಸುಮ್ಮನೆ ಕಾಣಿಸದೇ ಹೋಗಬಹುದು. ಅಳಿಸಿದ ಫೈಲಿನ ಜಾಗವನ್ನು ಖಾಲಿ ಮಾಡಿಸುವ ಟ್ರಿಮ್ ಕೆಲಸ ಮಾಡುತ್ತಿರುವುದರಿಂದ ಅಳಿಸಿದ ಫೈಲನ್ನು ಮರಳಿ ಪಡೆಯುವುದೂ ಕಷ್ಟ. ಹಾಗಾಗಿ ಪ್ರತಿ ಭಾನುವಾರ ಅಪ್ಪನ ಬರಹಗಳನ್ನು ಬೇರೊಂದು ಡ್ರೈವಿಗೆ ನಕಲು ಮಾಡುತ್ತೇನೆ.

ಹಳೇ ಡಿಸ್ಕಿನಿಂದ ಮೂರು ಫೈಲು ಬರಲೇ ಇಲ್ಲ. ಅದರಲ್ಲೊಂದು ಅಪ್ಪನ ಅರ್ಧ ಬರೆದ ಕತೆ. ಈಗ ನೆನಪಿನಿಂದ ಮತ್ತೆ ಟೈಪ್ ಮಾಡುತ್ತಿದ್ದಾರೆ. ನಿನ್ನೆಗೆ ಒಂಬತ್ತು ಪುಟ ಆಗಿದೆ.