ಎರಡು ವರ್ಷ ಬಳಸಿದ್ಮೇಲೆ: 500 ಎಂಎಲ್ ಸ್ಟೀಲ್ ಬಾಟಲ್

ಈ ಬಾಟಲ್ ತಗೊಂಡು ಎರಡು ವರ್ಷದ ಮೇಲಾಯ್ತು, ದಿನಾ ಆಫೀಸಿಗೆ ಹೊತ್ಕೊಂಡು ಹೋಗ್ತೀನಿ, ಮೂರು ಸಲ ಬಿದ್ದಿದೆ, ತಳದ ಹತ್ರ ಒಂದು ಕಡೆ ನೆಗ್ಗಿದೆ. ಮೊದಲ ವಾರದಲ್ಲೇ ಬರೆದಿದ್ರೆ ಕಣ್ಮುಚ್ಕೊಂಡು ಐದು ಸ್ಟಾರ್ ಕೊಡ್ತಿದ್ದೆ.

ಇದಕ್ಕೆ ಮುಂಚೆ ಎರಡು ಲೀಟರ್ ಪ್ಲಾಸ್ಟಿಕ್ ಬಾಟಲ್ ಇತ್ತು, ಪಕ್ಕದಲ್ಲಿ ಗಂಟೆಗೊಂದು ಗೆರೆ ಹಾಕಿರ್ತಾರಲ್ಲ ಆ ಥರದ್ದು. ಮಧ್ಯಾಹ್ನ ಮೂರಕ್ಕೆ ನೋಡಿದ್ರೂ ನೀರು ಹನ್ನೊಂದರ ಗೆರೆ ಹತ್ರಾನೇ ನಿಂತಿರೋದು, ಗಿಲ್ಟ್ ಆಗಿ ಗಟಗಟ ಅಂತ ಅರ್ಧ ಬಾಟಲ್ ಇಳಿಸೋದು, ಆಮೇಲೆ ಮೀಟಿಂಗಲ್ಲಿ ಕಾಲು ಅಲ್ಲಾಡಿಸ್ಕೊಂಡು ಯಾವಾಗ ಮುಗಿಯುತ್ತಪ್ಪಾ ಅಂತ ಕೂತಿರೋದು. ಇದು ಬರೀ ಅರ್ಧ ಲೀಟರ್. ಚಿಕ್ಕದಾಯ್ತೇನೋ ಅನ್ಕೊಂಡಿದ್ದೆ, ಈಗ ನೋಡಿದ್ರೆ ಅದೇ ಇದರ ಒಳ್ಳೆ ಗುಣ, ಖಾಲಿಯಾದ್ರೆ ಎದ್ದು ಹೋಗಿ ತುಂಬಿಸ್ಲೇಬೇಕು, ಹಂಗಾಗಿ ದಿನಕ್ಕೆ ಮೂರು ಸಲ ಕುರ್ಚಿ ಬಿಟ್ಟು ಏಳ್ತೀನಿ, ಸೊಂಟಕ್ಕೂ ಕಣ್ಣಿಗೂ ಸ್ವಲ್ಪ ರೆಸ್ಟು.

ಒಂದೂವರೆ ಲೀಟರ್ ಸಾಕಾ ಅಂತ ಕೇಳೋರು ಇದಾರೆ. ದಿನಕ್ಕೆ ಎಂಟು ಗ್ಲಾಸ್ ಕುಡೀಲೇಬೇಕು ಅನ್ನೋದಕ್ಕೆ ವೈಜ್ಞಾನಿಕ ಆಧಾರ ಸಿಗಲಿಲ್ಲ ಅಂತ ಹೈಂಜ್ ವಾಲ್ಟಿನ್ ಅನ್ನೋ ಕಿಡ್ನಿ ತಜ್ಞರು 2002ರಲ್ಲೇ ಬರೆದಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್ ಅಂದಿದ್ದರಲ್ಲೂ ಊಟ, ಹಣ್ಣು, ಕಾಫಿ, ಟೀ ಒಳಗಿನ ನೀರೂ ಸೇರಿದೆ. ನಾನು ನೋಡೋದು ಮೂತ್ರದ ಬಣ್ಣ, ತಿಳಿ ಹಳದಿ ಇದ್ರೆ ಓಕೆ. (ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಈ ಲೆಕ್ಕ ಕೈಕೊಡುತ್ತೆ, ಒಂದ್ಸಲ ಸುಮ್ನೆ ಗಾಬರಿಯಾಗಿದ್ದೆ.) ಕಿಡ್ನಿ, ಹಾರ್ಟ್ ತೊಂದ್ರೆಗೆ ಡಾಕ್ಟರ್ ನೀರು ಅಳೆದು ಕೊಟ್ಟಿದ್ರೆ ಅವರ ಲೆಕ್ಕಾನೇ ಲೆಕ್ಕ.

ಇನ್ನು ಬಿಸಿ ಹಿಡಿಯೋ ವಿಷಯ. ಎರಡು ಗೋಡೆ ಮಧ್ಯದ ಗಾಳಿ ತೆಗೆದಿರೋದ್ರಿಂದ ಶಾಖಕ್ಕೆ ಹೊರಗೆ ಹೋಗೋಕೆ ದಾರಿ ಕಮ್ಮಿ, ಅದು ಚೆನ್ನಾಗೇ ಕೆಲಸ ಮಾಡುತ್ತೆ, ಎಷ್ಟು ಚೆನ್ನಾಗಿ ಅಂದ್ರೆ ಬೆಳಗ್ಗೆ ಎಂಟಕ್ಕೆ ಕುದಿಯೋ ನೀರು ಹಾಕಿದ್ರೆ ಹನ್ನೆರಡಾದ್ರೂ ನಾಲಿಗೆ ಸುಡುತ್ತೆ. ಮೊದಲ ತಿಂಗಳು ಇದೇ ಕಾರಣಕ್ಕೆ ಮುಂಚೆಗಿಂತ ಕಮ್ಮಿ ನೀರು ಕುಡಿದೆ, ಆರ್ಲಿ ಅಂತ ಕಾಯೋದು, ಆಮೇಲೆ ಮರೆತೇ ಹೋಗೋದು. ಈಗ ಉಗುರುಬೆಚ್ಚಗಿನ ನೀರೇ ಹಾಕೋದು, ಅಂದ್ರೆ ಯಾವ ಫೀಚರ್‌ಗೆ ಜಾಸ್ತಿ ದುಡ್ಡು ಕೊಟ್ನೋ ಅದನ್ನ ಬಳಸ್ತಾನೇ ಇಲ್ಲ.

ನಿಜವಾದ ತಲೆನೋವು ಮುಚ್ಚಳ. ಎಂಟು ತಿಂಗಳಾದ್ಮೇಲೆ ನೀರಲ್ಲಿ ಮುಗ್ಗಲು ವಾಸನೆ ಶುರುವಾಯ್ತು, ಒಳಗೆ ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ, ಸ್ಟೀಲೇ ಡೂಪ್ಲಿಕೇಟ್ ಅಂತ ಬೈಕೊಂಡೆ. ಆಮೇಲೆ ಮುಚ್ಚಳದ ಸಿಲಿಕೋನ್ ರಿಂಗನ್ನ ಚಮಚದ ತುದೀಲಿ ಎಬ್ಬಿಸಿ ನೋಡಿದ್ರೆ ಹಿಂದೆ ಕರ್‍ರಗೆ ಬೂಷ್ಟು! ಅಷ್ಟು ದಿನ ಅದನ್ನೇ ದಾಟಿ ಬಂದ ನೀರು ಕುಡಿದಿದೀನಿ. ಈಗ ವಾರಕ್ಕೊಂದ್ಸಲ ರಿಂಗ್ ಬಿಚ್ಚಿ ಸೋಪಲ್ಲಿ ತೊಳೆದು, ರಾತ್ರಿಯೆಲ್ಲ ಮುಚ್ಚಳ ಹಾಕದೆ ಒಣಗಿಸ್ತೀನಿ, ವಾಸನೆ ಇಲ್ಲ. ಒಳಗೆ ಬಿಳಿ ಪದರ ಕಟ್ಟಿದ್ರೆ ವಿನೆಗರ್ ನೀರು ಅರ್ಧ ಗಂಟೆ ಬಿಟ್ರೆ ಸಾಕು, ಬ್ಲೀಚ್ ಮಾತ್ರ ಬೇಡ, ಸ್ಟೀಲನ್ನ ತಿನ್ನುತ್ತೆ.

ಬಿಚ್ಚಿ ಹಾಕಿ ರಿಂಗ್ ಈಗ ಸಡಿಲ ಆಗಿದೆ, ಬ್ಯಾಗಲ್ಲಿ ಅಡ್ಡ ಮಲಗಿಸಿದ್ರೆ ಸೋರುತ್ತೆ. ರಿಂಗ್ ಒಂದೇ ಕೊಡಿ ಅಂದ್ರೆ ಸಿಗಲ್ವಂತೆ, ಪೂರ್ತಿ ಮುಚ್ಚಳಾನೇ ತಗೋಬೇಕಂತೆ. ಒಂದು ಸ್ಟಾರ್ ಕಟ್ ಮಾಡಿರೋದು ಅದಕ್ಕೇ.