ಎಫ್‌ಡಿ ಇಡೋಕೆ ಹೋದವರ ಕೈಗೆ ವಿಮೆ ಬಾಂಡ್

ಮನೆಯಲ್ಲಿ ಯಾರಾದರೂ ನಿವೃತ್ತಿ ಹಣ ಹಿಡಿದು ಬ್ಯಾಂಕಿಗೆ ಹೊರಟಿದ್ದರೆ ಮೊದಲು ಇದನ್ನು ಓದಿ.

ನಮ್ಮ ಸೋದರಮಾವ ರಾಯಚೂರಿನ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 12 ಲಕ್ಷ ಬಂತು. ಮನೆ ಸ್ವಂತದ್ದು, ಇರೋರು ಇಬ್ಬರೇ, ಜೋಳ ಊರಿನ ಹೊಲದಿಂದ ಬರುತ್ತೆ. ಕರೆಂಟ್ ಬಿಲ್ ಗೃಹಜ್ಯೋತಿಯಲ್ಲೇ ಮುಗಿಯುತ್ತೆ, ಕೂಲರ್ ಓಡೋ ಬೇಸಿಗೆ ಬಿಟ್ಟರೆ. ತಿಂಗಳಿಗೆ ಏಳೆಂಟು ಸಾವಿರ ಬಡ್ಡಿ ಬಂದರೆ ಆರಾಮಾಗಿ ಇರಬಹುದು ಅಂತ ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗೇ ಇತ್ತು.

ಬ್ಯಾಂಕಿನ ಅಧಿಕಾರಿ ಕೂರಿಸಿ ಚಹಾ ತರಿಸಿದರು. "ಇದೂ ಎಫ್‌ಡಿ ಇದ್ದಂಗ ಐತಿ ಕಾಕಾ, ಬಡ್ಡಿ ಜಾಸ್ತಿ. ಒಂದೇ ಸಲ ಕಟ್ಟಿದ್ರ ಮುಗೀತು." 3 ಲಕ್ಷ ಅದಕ್ಕೆ, 9 ಲಕ್ಷ ಎಫ್‌ಡಿಗೆ ಹೋಯಿತು. ವಿಮಾ ಕಂಪನಿಯಿಂದ ಹಿಂದಿಯಲ್ಲಿ ಫೋನ್ ಬಂದಾಗ "ಎಲ್ಲಾದಕ್ಕೂ ಹೌದು ಅನ್ರಿ" ಅಂತ ಮೊದಲೇ ಹೇಳಿಕೊಟ್ಟಿದ್ದರು.

ಮುಂದಿನ ವರ್ಷ ಮೆಸೇಜ್ ಬಂತು: 3 ಲಕ್ಷ ಪ್ರೀಮಿಯಂ ಕಟ್ಟಿ. ಬಾಂಡ್ ಬಿಚ್ಚಿ ನೋಡಿದೆ. ಪ್ರೀಮಿಯಂ ಕಟ್ಟುವ ಅವಧಿ 10 ವರ್ಷ! ಕೈಯಲ್ಲಿರೋದೇ 12 ಲಕ್ಷ, ಕಟ್ಟಬೇಕಾದದ್ದು 30 ಲಕ್ಷ. ಅರ್ಜಿಯಲ್ಲಿ ಮಾವನ ಉದ್ಯೋಗ ವ್ಯಾಪಾರ, ವರ್ಷದ ಆದಾಯ 10 ಲಕ್ಷ ಅಂತ ಯಾರೋ ತುಂಬಿದ್ದಾರೆ. ಕೆಳಗೆ ಮಾವನ ಸಹಿ. ಖಾತೆಯಿಂದ ತಾನಾಗೇ ಹಣ ಕಡಿತವಾಗೋ ಒಪ್ಪಿಗೆಗೂ ಸಹಿ. ಅದನ್ನು ಮೊದಲು ರದ್ದು ಮಾಡಿಸಿದೆವು, ಇಲ್ಲದಿದ್ದರೆ ಖಾತೆಗೆ ದುಡ್ಡು ಬಿದ್ದ ದಿನವೇ ಹೋಗಿರೋದು.

ಪಾಲಿಸಿ ಬೇಡ ಅನ್ನಿಸಿದರೆ ಬಾಂಡ್ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು. ಚಿಕ್ಕಪುಟ್ಟ ಖರ್ಚು ಕಳೆದು ದುಡ್ಡು ಹಿಂದಿರುಗಿಸುತ್ತಾರೆ. ಮಾವನಿಗೆ ಇದನ್ನು ಯಾರೂ ಹೇಳಲಿಲ್ಲ. ಬಾಂಡ್ ಬಂದ ದಿನವೇ ಓದಿ, ಓದಿಸಿ. ಅವಧಿ ಮುಗಿದಿದ್ದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿ, ಇದ್ದಾರೆ. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಡ.

ನಿಜ ಹೇಳಬೇಕಂದ್ರೆ, ಮಾವನಿಗೆ ಬೇಕಾದದ್ದು ಅಂಚೆ ಕಚೇರಿಯಲ್ಲೇ ಇತ್ತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಆಗ ಬಡ್ಡಿ ಶೇ 8.2 ಇತ್ತು. 12 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 24,600 ರೂಪಾಯಿ, ಅಂದರೆ ತಿಂಗಳಿಗೆ 8,200. ಇದೇ ಖಾತೆ ಬ್ಯಾಂಕಿನಲ್ಲೂ ತೆರೆಯಬಹುದು, ಆದರೆ ಆ ಅಧಿಕಾರಿ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಈಗ ಅವರಿಗೆ ವರ್ಗ ಆಗಿದೆ. ಹೊಸಬರು "ಸಹಿ ನಿಮ್ದೇ ಅಲ್ವಾ?" ಅಂತಾರೆ. ದೂರು ಬೆಂಗಳೂರಿಗೆ ಹೋಗಿದೆ, ಎಫ್‌ಡಿ ಮುರಿಸಿ 9 ಲಕ್ಷವನ್ನು ಅಂಚೆ ಕಚೇರಿಗೆ ಹಾಕಿಸಿದ್ದೇವೆ.