ರಮಝಾನ್ ಡೈರಿ: ನಾಲ್ಕು ರೀತಿ ಬರೆದು ನೋಡಿದೆ, ನನ್ನ ಕೈ ಹಿಡಿದದ್ದು ಒಂದು

ನಾಲ್ಕು ರಮಝಾನ್‌ಗಳಲ್ಲಿ ನಾಲ್ಕು ರೀತಿ ಡೈರಿ ಬರೆದಿದ್ದೇನೆ. 2022ರಲ್ಲಿ ಖಾಲಿ ನೋಟ್‌ಬುಕ್. 2023ರಲ್ಲಿ ಟಿಕ್ ಹಾಕುವ ಪಟ್ಟಿ. 2024ರಲ್ಲಿ ಫೋನ್. 2025ರಲ್ಲಿ ದಿನಕ್ಕೊಂದು ಆಯತ್ (ಕುರ್‌ಆನ್‌ನ ವಾಕ್ಯ), ಅದರ ಕೆಳಗೆ ಮೂರು ಸಾಲು. ನಾಲ್ಕೂ ನನ್ನ ಉಪಯೋಗಕ್ಕೆ ಬಂದಿವೆ, ಆದರೆ ಒಂದೇ ಸಮ ಅಲ್ಲ. ಈ ಸಲ ಹೊಸದಾಗಿ ಬರೆಯಲು ಕೂರುವವರಿಗೆ ನಾನು ಕಂಡದ್ದನ್ನು ಹೇಳಬೇಕು ಅನ್ನಿಸಿತು.

ಡೈರಿ ಅಂದರೆ ಹೊಸ ಕಾಲದ ಶೋಕಿ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ: ಮುಹಾಸಬಾ. ತನ್ನ ಲೆಕ್ಕ ತಾನೇ ನೋಡಿಕೊಳ್ಳುವುದು. ನಿಮ್ಮ ಲೆಕ್ಕ ಕೇಳುವ ಮೊದಲು ನೀವೇ ನಿಮ್ಮ ಲೆಕ್ಕ ನೋಡಿಕೊಳ್ಳಿ ಅನ್ನುವ ಮಾತು ಖಲೀಫಾ ಉಮರ್ (ರ) ಅವರ ಹೆಸರಲ್ಲಿ ಬರುತ್ತದೆ. 9ನೇ ಶತಮಾನದಲ್ಲಿ ಬಗ್ದಾದ್‌ನಲ್ಲಿದ್ದ ಒಬ್ಬ ವಿದ್ವಾಂಸರು ಇದನ್ನು ಎಷ್ಟು ಮಾಡುತ್ತಿದ್ದರೆಂದರೆ ಅವರಿಗೆ ಮುಹಾಸಿಬೀ ಅನ್ನುವ ಹೆಸರೇ ನಿಂತಿತು. ಕಾಗದ ಬೇಕೇ ಬೇಕು ಅಂತೇನಿಲ್ಲ. ಆದರೆ ನನ್ನಂಥವಳಿಗೆ ಬರೆಯದಿದ್ದರೆ ಬೆಳಗ್ಗೆಯದು ಸಂಜೆಗೆ ಮರೆತುಹೋಗುತ್ತದೆ.

ಮೊದಲು ಖಾಲಿ ನೋಟ್‌ಬುಕ್ ವಿಷಯ. ತರಾವೀಹ್ (ರಮಝಾನ್ ರಾತ್ರಿಯ ವಿಶೇಷ ನಮಾಝ್) ಮುಗಿಸಿ ಮಲಗುವ ಮುಂಚೆ ಬರೆಯುವುದು ಅಂತ ನಿಯ್ಯತ್ (ಸಂಕಲ್ಪ) ಮಾಡಿದ್ದೆ. ಮೊದಲ ಐದು ರಾತ್ರಿ ಎರಡೆರಡು ಪುಟ ತುಂಬಿತು. ಆಮೇಲೆ ಒಂದು ಪುಟ, ಅರ್ಧ ಪುಟ, ಕೊನೆಗೆ ಬರೀ ತಾರೀಖು. ಬೆಳಗಿನ ಜಾವದ ಊಟಕ್ಕೆ, ಸಹ್ರಿಗೆ, ಏಳಬೇಕು ಅನ್ನುವ ಯೋಚನೆ ಬಂದರೆ ಪೆನ್ನು ಮುಂದೆ ಹೋಗುವುದಿಲ್ಲ. 30 ದಿನದಲ್ಲಿ ಬರೆದದ್ದು 14 ದಿನ. ಅದರಲ್ಲೂ ಅರ್ಧ ಬರೀ ದಿನಚರಿ: ಎಷ್ಟು ಸುಸ್ತಾಯಿತು, ಯಾರು ಬಂದಿದ್ದರು, ಏನು ಕೆಲಸ ಬಾಕಿ ಉಳಿಯಿತು.

ಆದರೂ ಆ ನೋಟ್‌ಬುಕ್ ನನಗೆ ಒಂದು ವಿಷಯ ತೋರಿಸಿತು, ಅದನ್ನು ಬೇರೆ ಯಾವ ವಿಧಾನವೂ ತೋರಿಸಿಲ್ಲ. ಹನ್ನೊಂದನೇ ಉಪವಾಸದ ದಿನ ಹೀಗೆ ಬರೆದಿದ್ದೆ: "ಅಸರ್ (ಇಳಿಹೊತ್ತಿನ ನಮಾಝ್) ಆದ ಮೇಲೆ ತಮ್ಮನ ಮೇಲೆ ರೇಗಿದೆ. ಅವನು ಕೇಳಿದ್ದು, ಆಪಾ, ಚಾರ್ಜರ್ ನೋಡಿದ್ಯಾ ಅಂತ. ಅಷ್ಟೇ." ಸುಮ್ನೆ ಹಿಂದಿನ ಪುಟ ತಿರುಗಿಸಿದೆ. ನಾಲ್ಕನೇ ದಿನವೂ ಅಸರ್ ಆದ ಮೇಲೆ. ಏಳನೇ ದಿನವೂ ಅದೇ ಹೊತ್ತು. ಜನ ಬೇರೆ, ವಿಷಯ ಬೇರೆ, ಹೊತ್ತು ಮಾತ್ರ ಒಂದೇ. ಯಾರಾದರೂ ಬೈದರೆ, ಜಗಳಕ್ಕೆ ಬಂದರೆ "ನಾನು ಉಪವಾಸದಲ್ಲಿದ್ದೇನೆ" ಅಂತ ಹೇಳಿ ಎಂದು ಪ್ರವಾದಿ (ಸ) ಕಲಿಸಿದ್ದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದು ಜಗಳಕ್ಕೆ ಬರುವವರಿಗೆ ಹೇಳುವ ಮಾತು ಅಂತಲೇ ತಿಳಿದಿದ್ದೆ. ನನಗೇ ನಾನು ಹೇಳಿಕೊಳ್ಳಬೇಕಾದ ಮಾತು ಅಂತ ಗೊತ್ತಾದದ್ದು ಆ ಮೂರು ಪುಟ ನೋಡಿದಾಗ. ಅಲ್ಲಿಂದ ಮುಂದೆ ಅಸರ್‌ನಿಂದ ಸೂರ್ಯಾಸ್ತದ ಮಗ್ರಿಬ್‌ವರೆಗೆ ಮಾತು ಕಡಿಮೆ ಮಾಡಿದೆ.

ಖಾಲಿ ಪುಟದ ಇನ್ನೊಂದು ತೊಂದರೆ, ಎಲ್ಲವನ್ನೂ ಬರೆಯಬೇಕು ಅನ್ನಿಸುವುದು. ತಪ್ಪುಗಳನ್ನೂ ಬಿಡಿಸಿ ಬಿಡಿಸಿ ಬರೆದೆ. ಒಂದು ದಿನ ನೋಟ್‌ಬುಕ್ ಮೇಜಿನ ಮೇಲೆ ತೆರೆದೇ ಇತ್ತು. ಯಾರೂ ಓದಲಿಲ್ಲ, ಆದರೆ ನನ್ನ ಎದೆ ಧಸಕ್ಕೆಂದಿತು. ರಾತ್ರಿ ಅಲ್ಲಾಹನು ಮುಚ್ಚಿಟ್ಟ ತಪ್ಪನ್ನು ಬೆಳಗ್ಗೆ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗುವವನ ಬಗ್ಗೆ ಬುಖಾರಿ ಸಂಗ್ರಹದಲ್ಲಿ ಹದೀಸ್ (ಪ್ರವಾದಿಯವರ ವಚನ) ಇದೆ. ನೋಟ್‌ಬುಕ್‌ನಲ್ಲಿ ಬರೆಯುವುದು ಎಲ್ಲರಿಗೂ ಹೇಳಿದ ಹಾಗಲ್ಲ, ನಿಜ. ಆದರೂ ಅವನು ಹಾಕಿದ ಪರದೆಯನ್ನು ನನ್ನ ಕೈಯಿಂದ ಸರಿಸುವುದು ಯಾಕೆ? ಈಗ ತಪ್ಪಿಗೆ ಒಂದು ಪದ ಸಾಕು. "ನಾಲಿಗೆ." "ಕಣ್ಣು." "ಸೋಮಾರಿತನ." ನನಗೆ ಗೊತ್ತಾಗುತ್ತದೆ, ಅವನಿಗೂ ಗೊತ್ತಿದೆ.

ಎರಡನೇ ವರ್ಷ ಟಿಕ್ ಪಟ್ಟಿ. ಅಡ್ಡಕ್ಕೆ 30 ಮನೆ ಗೀಚಿಕೊಂಡೆ. ಉದ್ದಕ್ಕೆ ಐದು ಹೊತ್ತಿನ ನಮಾಝ್, ತರಾವೀಹ್, ಕುರ್‌ಆನ್ ಪುಟ, ಝಿಕ್ರ್ (ದೇವಸ್ಮರಣೆ), ಸದಕಾ (ದಾನ), ನಾಲಿಗೆ. ಕುರ್‌ಆನ್ ಲೆಕ್ಕಕ್ಕೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಮದೀನಾ ಮುದ್ರಣದ ಮುಸ್‌ಹಫ್‌ನಲ್ಲಿ (ಕುರ್‌ಆನ್ ಪ್ರತಿಯಲ್ಲಿ) 604 ಪುಟ, ಒಂದು ಜುಝ್‌ಗೆ (ಮೂವತ್ತರಲ್ಲಿ ಒಂದು ಭಾಗಕ್ಕೆ) ಹೆಚ್ಚುಕಡಿಮೆ 20 ಪುಟ. ಪ್ರತಿ ನಮಾಝ್ ಆದ ಮೇಲೆ ನಾಲ್ಕು ಪುಟ ಓದಿದರೆ ದಿನದ ಪಾಲು ಮುಗಿಯುತ್ತದೆ. ಈ ಚಿಕ್ಕ ಲೆಕ್ಕ ಕಣ್ಣೆದುರು ಇದ್ದರೆ ಎಷ್ಟು ಧೈರ್ಯ ಬರುತ್ತದೆ ಅಂತ ಮಾಡಿ ನೋಡಿದವರಿಗೆ ಗೊತ್ತು.

ಆದರೆ ಆ ಪಟ್ಟಿ ಹೆಣ್ಣುಮಕ್ಕಳ ತಿಂಗಳನ್ನು ಅರಿಯದು. ಆರು ದಿನ ಮುಟ್ಟು. ಉಪವಾಸ ಇಲ್ಲ, ನಮಾಝ್ ಇಲ್ಲ. ಪಟ್ಟಿಯಲ್ಲಿ ಆರು ದಿನದ ಮನೆಗಳು ಬಿಳಿ ಬಿಳಿ. ಅದು ಅಲ್ಲಾಹನು ಕೊಟ್ಟ ವಿನಾಯಿತಿ. ತಪ್ಪಿದ ಉಪವಾಸವನ್ನು ಆಮೇಲೆ ಕಝಾ ಮಾಡಬೇಕು (ಬೇರೆ ದಿನ ತೀರಿಸಬೇಕು), ನಮಾಝ್ ಮಾಡಬೇಕಾಗಿಲ್ಲ ಅಂತ ಪ್ರವಾದಿಯವರ ಪತ್ನಿ ಆಯಿಶಾ (ರ) ಸ್ಪಷ್ಟವಾಗಿ ಹೇಳಿದ್ದಾರೆ. ತಲೆಗೆ ಗೊತ್ತು. ಆದರೆ ಕಣ್ಣಿಗೆ ಕಾಣುವುದು ಖಾಲಿ ಮನೆ. ಸೋತ ಹಾಗೆ ಅನ್ನಿಸುತ್ತಿತ್ತು. ಆ ದಿನಗಳಲ್ಲಿ ಮಾಡಿದ ದುಆ (ಪ್ರಾರ್ಥನೆ), ಕೇಳಿದ ಓದು, ಸಹ್ರಿಗೆ ಎದ್ದು ಬೇರೆಯವರಿಗೆ ಮಾಡಿಕೊಟ್ಟದ್ದು, ಯಾವುದಕ್ಕೂ ಅಲ್ಲಿ ಜಾಗ ಇರಲಿಲ್ಲ. ನೀವು ಪಟ್ಟಿಯನ್ನೇ ಆರಿಸಿದರೆ ಆ ದಿನಗಳಿಗೆ ಬೇರೆ ಸಾಲು ಮೊದಲೇ ಗೀಚಿಡಿ.

ಆ ವರ್ಷ ತಿಂಗಳು 29ಕ್ಕೇ ಮುಗಿಯಿತು. ಆರು ಕಳೆದರೆ ನನಗೆ ಉಳಿದದ್ದು 23 ದಿನ. ಪೂರ್ತಿ ಕುರ್‌ಆನ್ ಮುಗಿಸಲು ದಿನಕ್ಕೆ 26 ಪುಟಕ್ಕಿಂತ ಜಾಸ್ತಿ ಬೇಕು. ಕೊನೆಯ ದಿನ 28ನೇ ಜುಝ್‌ನಿಂದ ಹಿಡಿದು ಕೊನೆಯವರೆಗೆ, 60ಕ್ಕೂ ಹೆಚ್ಚು ಪುಟ ಒಂದೇ ಓಟದಲ್ಲಿ ಓದಿದೆ. ಖತಂ ಆಯಿತು. ಟಿಕ್ ಬಿತ್ತು. ಆಮೇಲೆ ತಿಳಿದದ್ದು ಏನು ಗೊತ್ತಾ? ಸೂರಾ (ಅಧ್ಯಾಯ) ಹಶ್ರ್ ಇರುವುದು ಆ 28ನೇ ಜುಝ್‌ನಲ್ಲೇ. ಅದರ 18ನೇ ಆಯತ್‌ನಲ್ಲಿ, ಪ್ರತಿಯೊಬ್ಬರೂ ನಾಳೆಗಾಗಿ ಏನು ಕಳಿಸಿದ್ದೇವೆ ಅಂತ ನೋಡಿಕೊಳ್ಳಲಿ ಎಂಬ ಮಾತಿದೆ. ಡೈರಿ ಬರೆಯುವವಳಿಗೆ ಇದಕ್ಕಿಂತ ಹತ್ತಿರದ ಆಯತ್ ಉಂಟಾ? ಅದರ ಮೇಲೇ ನನ್ನ ಬೆರಳು ಓಡಿತ್ತು, ನಾನು ನಿಂತಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

"ನಾಲಿಗೆ" ಅನ್ನುವ ಸಾಲಂತೂ ಟಿಕ್‌ಗೆ ಒಗ್ಗುವ ವಿಷಯವೇ ಅಲ್ಲ. ಸುಳ್ಳು ಮಾತು ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಾಗಿಲ್ಲ ಅಂತ ಹದೀಸ್ ಇದೆ. ಅಷ್ಟು ದೊಡ್ಡ ವಿಷಯವನ್ನು ಹೌದು, ಇಲ್ಲ ಅಂತ ಒಂದು ಚೌಕದಲ್ಲಿ ಮುಗಿಸಲು ಆಗುವುದಿಲ್ಲ.

ಫೋನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಫ್ತಾರ್‌ಗೆ ಮುಂಚೆ ಕೈ ಖಾಲಿ ಇರುವುದಿಲ್ಲ, ಮಾತಾಡಿ ರೆಕಾರ್ಡ್ ಮಾಡಿದರೆ ಸುಲಭ ಅಂತ ಶುರು ಮಾಡಿದೆ. ಒಟ್ಟು 19 ರೆಕಾರ್ಡಿಂಗ್. ತಿರುಗಿ ಕೇಳಿದ್ದು ಒಂದೇ. ಬರೆದಿಟ್ಟ ನೋಟ್ಸ್ ಮನೆಯವರೆಲ್ಲ ಬಳಸುವ ಟ್ಯಾಬ್‌ನಲ್ಲೂ ತಾನಾಗಿ ಬಂದು ಕೂತಿದ್ದವು, ಅದು ಗೊತ್ತಾದ ದಿನವೇ ಅಳಿಸಿದೆ. ದುಆ ಬರೆಯಲು ಫೋನ್ ತೆರೆದರೆ ಹತ್ತು ಮೆಸೇಜ್ ಎದುರಿಗೆ ಬರುತ್ತವೆ, ಅಷ್ಟರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತದೆ. ಬರೆಯಲು ಕಷ್ಟ ಇರುವವರಿಗೆ, ವಯಸ್ಸಾದವರಿಗೆ ಇದು ಒಳ್ಳೆಯದೇ. ಉಳಿದವರಿಗೆ ನಾನು ಹೇಳುವುದಿಲ್ಲ.

2025ರಲ್ಲಿ ಹೊತ್ತನ್ನೇ ಬದಲಾಯಿಸಿದೆ. ರಾತ್ರಿ ಬಿಟ್ಟು ಮುಂಜಾನೆಯ ಫಜ್ರ್ ನಮಾಝ್ ಆದ ಮೇಲೆ. ಸಹ್ರಿಗೆ ಹೇಗೂ ಎದ್ದಿರುತ್ತೇವೆ. ಮನೆ ನಿಶ್ಶಬ್ದ, ಹಸಿವು ಇನ್ನೂ ಶುರುವಾಗಿರುವುದಿಲ್ಲ. ಒಂದು ಆಯತ್ ಅರ್ಥದೊಂದಿಗೆ ಓದುವುದು. ಕೆಳಗೆ ಮೂರೇ ಸಾಲು. ಈ ಆಯತ್ ನನ್ನನ್ನು ಏನು ಕೇಳುತ್ತಿದೆ? ಇದರಲ್ಲಿ ನಾನು ಎಲ್ಲಿ ಎಡವಿದೆ? ಇವತ್ತು ಅಲ್ಲಾಹನಲ್ಲಿ ಏನು ಬೇಡಲಿ? ಐದು ನಿಮಿಷ, ಹೆಚ್ಚೆಂದರೆ ಹತ್ತು.

ಮೊದಲ ದಿನ ಆರಿಸಿದ್ದು ಹಶ್ರ್‌ನ ಅದೇ 18ನೇ ಆಯತ್. ಆಮೇಲೆ ಉಪವಾಸದ ಆಯತ್‌ಗಳಿಗೆ ಬಂದೆ, ಸೂರಾ ಬಕರದ 183ರಿಂದ 187. ಉಪವಾಸದ ನಿಯಮ ಹೇಳುತ್ತಾ ಹೇಳುತ್ತಾ ನಡುವೆ 186ರಲ್ಲಿ ಮಾತು ಬೇರೆ ಕಡೆ ತಿರುಗುತ್ತದೆ: ನನ್ನ ದಾಸರು ನನ್ನ ಬಗ್ಗೆ ಕೇಳಿದರೆ ನಾನು ಹತ್ತಿರವೇ ಇದ್ದೇನೆ. ಎಷ್ಟೋ ಸಲ ಓದಿದ್ದೆ. ಆ ಬೆಳಗ್ಗೆ ಎರಡನೇ ಸಾಲಿನಲ್ಲಿ ಬರೆದದ್ದು ಇದು: "ದೂರದವರ ಹತ್ತಿರ ಸಾಲ ಕೇಳುವ ಹಾಗೆ ದುಆ ಮಾಡುತ್ತೇನೆ. ಕೊಡ್ತಾನೋ ಇಲ್ವೋ ಅನ್ನುವ ಅನುಮಾನ ಇಟ್ಟುಕೊಂಡೇ." ಬರೆದ ಮೇಲೆ ತುಂಬಾ ಹೊತ್ತು ಹಾಗೇ ಕೂತಿದ್ದೆ. ಖಾಲಿ ನೋಟ್‌ಬುಕ್‌ನ ಎರಡು ಪುಟದಲ್ಲಿ ಬಾರದ ಮಾತು ಒಂದು ಸಾಲಿನಲ್ಲಿ ಬಂದಿತ್ತು. ಕೇಳುವ ಪ್ರಶ್ನೆ ಆಯತ್‌ನದಾದರೆ ನನಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಪ್ರಶ್ನೆ ನನ್ನದೇ ಆದಾಗ ಉತ್ತರ ಗೊತ್ತಿದ್ದದ್ದನ್ನೇ ಕೇಳಿಕೊಳ್ಳುತ್ತಿದ್ದೆ.

29 ದಿನದಲ್ಲಿ 26 ದಿನ ಬರೆದೆ. ಮುಟ್ಟಿನ ದಿನಗಳಲ್ಲೂ ನಿಲ್ಲಲಿಲ್ಲ, ಅರ್ಥ ಓದಿ ಮೂರು ಸಾಲು ಬರೆಯಲು ಅಡ್ಡಿ ಇರಲಿಲ್ಲ. ಅಲ್ಲಾಹನಿಗೆ ಇಷ್ಟವಾದ ಕೆಲಸ ಯಾವುದೆಂದರೆ ಸ್ವಲ್ಪವೇ ಆದರೂ ಬಿಡದೆ ಮಾಡುವುದು ಅನ್ನುವ ಹದೀಸ್ ನನ್ನ ಮಟ್ಟಿಗೆ ಈ ಚಿಕ್ಕ ಪುಸ್ತಕದಲ್ಲಿ ನಿಜವಾಯಿತು.

ಕೊರತೆ ಇಲ್ಲವೇ ಅಂದರೆ ಇದೆ. ಮೂರು ಸಾಲಿನಲ್ಲಿ ದಿನದ ಕಥೆ ಇರುವುದಿಲ್ಲ, ಹಾಗಾಗಿ ಅಸರ್ ಹೊತ್ತಿನ ಕೋಪದಂಥ ಗುಟ್ಟು ತಾನಾಗಿ ಬಯಲಾಗುವುದಿಲ್ಲ. ಅದಕ್ಕೆ ಪ್ರತಿ ಜುಮಾದ ದಿನ (ಶುಕ್ರವಾರ) ಹಿಂದಿನ ಏಳು ಪುಟ ಓದುತ್ತಿದ್ದೆ. ಕುರ್‌ಆನ್ ಪುಟದ ಲೆಕ್ಕವೂ ಇದರಲ್ಲಿ ಸಿಗುವುದಿಲ್ಲ. ಮುಸ್‌ಹಫ್ ಒಳಗೆ ಒಂದು ಚೀಟಿ ಇಟ್ಟು ಅದರಲ್ಲಿ ಪುಟದ ಸಂಖ್ಯೆ ಮಾತ್ರ ಬರೆದೆ. ಪಟ್ಟಿಯಿಂದ ನಾನು ಉಳಿಸಿಕೊಂಡದ್ದು ಅಷ್ಟೇ.

ಕೊನೆಯ ಹತ್ತು ರಾತ್ರಿಗಳಿಗೆ ಇದ್ಯಾವುದೂ ಬೇಡ. ಆ ರಾತ್ರಿಗಳು ಬರೆಯುವುದಕ್ಕಲ್ಲ. ಹತ್ತೊಂಬತ್ತನೇ ದಿನವೇ ಒಂದು ಪುಟದಲ್ಲಿ ದುಆಗಳನ್ನು ಬರೆದಿಡಿ, ಯಾರು ಯಾರಿಗಾಗಿ ಬೇಡಬೇಕೋ ಅವರ ಹೆಸರನ್ನೂ. ಮೇಲ್ಗಡೆ ಪ್ರವಾದಿ (ಸ) ಆಯಿಶಾರಿಗೆ (ರ) ಕಲಿಸಿದ್ದು ಇರಲಿ: ಅಲ್ಲಾಹನೇ, ನೀನು ಕ್ಷಮಿಸುವವನು, ಕ್ಷಮೆ ನಿನಗೆ ಇಷ್ಟ, ನನ್ನನ್ನು ಕ್ಷಮಿಸು. ಇನ್ನೊಂದು ವಿಷಯ. ನಮ್ಮ ತಾರೀಖು ಬದಲಾಗುವುದು ಮಗ್ರಿಬ್‌ಗೆ. ಇಪ್ಪತ್ತನೇ ಉಪವಾಸ ಮುಗಿಸಿದ ಸಂಜೆಯೇ 21ನೇ ರಾತ್ರಿ. ಮೊದಲ ವರ್ಷ ರಾತ್ರಿ ಡೈರಿಯಲ್ಲಿ ಇದನ್ನು ಗಲಿಬಿಲಿ ಮಾಡಿಕೊಂಡು ಒಂದು ಬೆಸ ರಾತ್ರಿಯನ್ನು ಮಲಗಿ ಕಳೆದೆ. ಸಾವಿರ ತಿಂಗಳಿಗಿಂತ, ಅಂದರೆ 83 ವರ್ಷಕ್ಕಿಂತ ಮೇಲಾದ ಲೈಲತುಲ್ ಕದ್ರ್ ಆ ಬೆಸ ರಾತ್ರಿಗಳಲ್ಲಿ ಯಾವುದೋ ಯಾರಿಗೆ ಗೊತ್ತು? ಹಾಳೆಯ ಮೇಲೆ ದಿನದ ಸಂಖ್ಯೆ ಬೇಡ, ರಾತ್ರಿಯ ಸಂಖ್ಯೆ ಹಾಕಿ.

ತುಂಬಾ ನೋವು ಹೊತ್ತುಕೊಂಡು ಈ ತಿಂಗಳಿಗೆ ಬರುವವರಿಗೆ ಖಾಲಿ ನೋಟ್‌ಬುಕ್ಕೇ ಒಳ್ಳೆಯದು, ಅದು ಎಲ್ಲವನ್ನೂ ಹಿಡಿಯುತ್ತದೆ. ನಮಾಝ್ ಈಗಷ್ಟೇ ರೂಢಿ ಮಾಡಿಕೊಳ್ಳುತ್ತಿರುವವರಿಗೆ ಪಟ್ಟಿ ಆಸರೆ. ರೂಢಿ ಇದೆ, ಮನಸ್ಸು ಮಾತ್ರ ಅಲ್ಲಿಲ್ಲ ಅನ್ನುವವರು ಫಜ್ರ್ ಆದ ಮೇಲೆ ಮೂರು ಸಾಲು ಬರೆದು ನೋಡಿ.

2025ರ ಹನ್ನೊಂದನೇ ಉಪವಾಸದ ಬೆಳಗ್ಗೆ ಆರಿಸಿದ್ದು ಕೋಪ ನುಂಗಿಕೊಂಡು ಜನರನ್ನು ಕ್ಷಮಿಸುವವರ ಬಗ್ಗೆ ಇರುವ ಆಯತ್, ಸೂರಾ ಆಲಿ ಇಮ್ರಾನ್ 134. ಎರಡನೇ ಸಾಲಿಗೆ ಪೆನ್ನು ಬಂದಾಗ ಹಳೆಯ ನೋಟ್‌ಬುಕ್ ನೆನಪಾಯಿತು. ತಮ್ಮ ಇನ್ನೂ ಮಲಗಿರಲಿಲ್ಲ. ಹೋಗಿ ಆ ಚಾರ್ಜರ್ ವಿಷಯಕ್ಕೆ ಕ್ಷಮೆ ಕೇಳಿದೆ. ಮೂರು ವರ್ಷದ ಹಿಂದಿನದು, ಅವನಿಗೆ ನೆನಪೇ ಇರಲಿಲ್ಲ. "ಯಾವ ಚಾರ್ಜರ್, ಆಪಾ?" ಅಂದ.